ಯುರೋಪಿನ ನಾಗರಿಕತೆಯನ್ನು ಓದುವ ಬಗೆ: ಗ್ರೀಕ್–ರೋಮನ್ ಪುರಾಣ ಮತ್ತು ಕ್ರೈಸ್ತಧರ್ಮದ ಬೆಸುಗೆಯನ್ನು ಗುರುತಿಸುವುದು ಹೇಗೆ?

ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ, ಪೂಜಾವೇದಿಯ ಹಿಂದಿನ ಗೋಡೆಯನ್ನು ಮೈಕೆಲೇಂಜೆಲೊ 1536ರಿಂದ 1541ರವರೆಗೆ ದುಡಿದು ಒಂದೇ ಚಿತ್ರದಿಂದ ತುಂಬಿದ. ಚಿತ್ರದ ವಸ್ತು ಕ್ರೈಸ್ತರು ನಂಬುವ ಕಡೆಯ ನ್ಯಾಯತೀರ್ಪು. ನಡುವೆ ಕೈಯೆತ್ತಿದ ಕ್ರಿಸ್ತ, ಅವನ ಮಗ್ಗುಲಲ್ಲಿ ತಾಯಿ ಮರಿಯ, ಸುತ್ತಲೂ ಸಂತರು. ಒಂದು ಕಡೆ ಮೇಲೇರುತ್ತಿರುವ ಆತ್ಮಗಳು, ಇನ್ನೊಂದು ಕಡೆ ಕೆಳಕ್ಕೆ ಬೀಳುತ್ತಿರುವವರು. ಎಲ್ಲವೂ ನಿರೀಕ್ಷಿಸಿದಂತೆಯೇ ಇದೆ ಎಂದುಕೊಳ್ಳುವಷ್ಟರಲ್ಲಿ ಕೆಳಗಡೆ ಬಲಭಾಗದಲ್ಲಿ ಒಂದು ದೋಣಿ ಕಾಣುತ್ತದೆ. ಅದರಲ್ಲಿ ನಿಂತ ಅಂಬಿಗ ಹುಟ್ಟನ್ನೆತ್ತಿ ಪಾಪಿಗಳನ್ನು ಬಡಿದು ದಡಕ್ಕಿಳಿಸುತ್ತಿದ್ದಾನೆ. ಈ ಅಂಬಿಗ ಬೈಬಲ್ಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ಅವನು ಕ್ಯಾರನ್, ಸತ್ತವರನ್ನು ಹೊಳೆ ದಾಟಿಸುವ ಗ್ರೀಕ್ ಪುರಾಣದ ಅಂಬಿಗ. ಅವನಿಂದ ಇನ್ನಷ್ಟು ಬಲಕ್ಕೆ, ಮೂಲೆಯಲ್ಲಿ, ಕತ್ತೆಕಿವಿ ಹೊತ್ತು ಮೈಗೆ ಹಾವು ಸುತ್ತಿಸಿಕೊಂಡು ನಿಂತಿರುವವನು ಮೈನಾಸ್, ಗ್ರೀಕರ ಪಾತಾಳದ ನ್ಯಾಯಾಧೀಶ. ಪೋಪರು ಪೂಜೆ ನಡೆಸುವ ವೇದಿಯ ಹಿಂದೆಯೇ ಇವರಿಬ್ಬರೂ ನಿಂತು ಐದು ಶತಮಾನಗಳಾಗುತ್ತ ಬಂದಿವೆ.

ಯುರೋಪಿನ ಕಲೆ, ಸಾಹಿತ್ಯ, ಕಟ್ಟಡಗಳನ್ನು ಅರಿಯಬಯಸುವವರು ಈ ದೋಣಿಯಿಂದಲೇ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅನುಭವದ ಮಾತು. ಸಾಮಾನ್ಯವಾಗಿ ಪಠ್ಯಪುಸ್ತಕಗಳು ಮೊದಲು ಗ್ರೀಸ್, ಆಮೇಲೆ ರೋಮ್, ಅದರ ನಂತರ ಕ್ರೈಸ್ತಧರ್ಮ ಎಂದು ಒಂದರ ಮೇಲೊಂದು ಪದರವಿಟ್ಟಂತೆ ಹೇಳುತ್ತ ಹೋಗುತ್ತವೆ. ಆ ಕ್ರಮದಲ್ಲಿ ಕಲಿತವರು ಒಂದು ಬಂದಾಗ ಇನ್ನೊಂದು ಮುಗಿಯಿತೆಂದು ತಿಳಿಯುತ್ತಾರೆ. ನಡೆದದ್ದು ಹಾಗಲ್ಲ. ಹಳೆಯ ಪುರಾಣ, ಹೊಸ ಧರ್ಮ ಎರಡೂ ಒಂದೇ ಮನೆಯಲ್ಲಿ ಸಾವಿರದೈನೂರು ವರ್ಷಗಳಿಗೂ ಹೆಚ್ಚು ಕಾಲ ಜಗಳವಾಡುತ್ತ, ಒಂದರ ಸೊತ್ತನ್ನು ಇನ್ನೊಂದು ಬಳಸುತ್ತ ಬಾಳಿದವು. ಆದ್ದರಿಂದ ಯಾವುದೇ ಚಿತ್ರ, ಪದ್ಯ ಅಥವಾ ಕಟ್ಟಡದ ಮುಂದೆ ನಿಂತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಹಳೆಯದರಲ್ಲಿ ಏನು ಹಾಗೆಯೇ ಉಳಿದಿದೆ? ಉಳಿದದ್ದರ ಅರ್ಥ ಹೇಗೆ ಬದಲಾಗಿದೆ? ಇದರಿಂದ ಯಾರಿಗೆ ಕಸಿವಿಸಿಯಾಯಿತು?

ಸಿಸ್ಟೀನ್ ಗೋಡೆಗೆ ಈ ಪ್ರಶ್ನೆಗಳನ್ನು ಹಾಕಿ ನೋಡೋಣ. ಅಂಬಿಗ, ದೋಣಿ, ಹುಟ್ಟು ಉಳಿದವು. ಆದರೆ ಗ್ರೀಕರ ಕ್ಯಾರನ್ ಸತ್ತವರೆಲ್ಲರನ್ನೂ ದಾಟಿಸುವ ಕೂಲಿಯಾಳಾಗಿದ್ದರೆ, ಇಲ್ಲಿ ಅವನು ದಂಡನೆಗೆ ಗುರಿಯಾದವರನ್ನು ಮಾತ್ರ ಸಾಗಿಸುವ ನರಕದ ಸೇವಕನಾಗಿದ್ದಾನೆ. ಇನ್ನು ಕಸಿವಿಸಿ: ಪೋಪರ ವಿಧಿವಿಧಾನಗಳ ಅಧಿಕಾರಿ ಬಿಯಾಜಿಯೊ ದ ಚೆಸೆನಾ ಇಷ್ಟೊಂದು ಬತ್ತಲೆ ಮೈಗಳು ಪೂಜಾಸ್ಥಳಕ್ಕೆ ತಕ್ಕವಲ್ಲವೆಂದು ಆಕ್ಷೇಪಿಸಿದನೆಂದೂ, ಮೈಕೆಲೇಂಜೆಲೊ ಮೈನಾಸ್‌ಗೆ ಅವನದೇ ಮುಖವನ್ನಿಟ್ಟನೆಂದೂ ಕಲಾವಿದರ ಚರಿತ್ರೆ ಬರೆದ ವಸಾರಿ ದಾಖಲಿಸಿದ್ದಾನೆ. 1565ರಲ್ಲಿ ದಾನಿಯೆಲೆ ದ ವೊಲ್ತೆರ್ರಾ ಎಂಬ ಚಿತ್ರಕಾರನನ್ನು ನೇಮಿಸಿ ಹಲವು ಮೈಗಳಿಗೆ ಬಟ್ಟೆ ಬರೆಸಲಾಯಿತು. ಬಟ್ಟೆ ಹೊದಿಸಿದರೂ ಕ್ಯಾರನ್‌ನನ್ನು ಅಳಿಸಲಿಲ್ಲ ಎಂಬುದನ್ನು ಗಮನಿಸಬೇಕು. ಆ ವೇಳೆಗೆ ಅವನು ಕ್ರೈಸ್ತರ ನರಕದ ಹಕ್ಕಿನ ನಿವಾಸಿಯೇ ಆಗಿಬಿಟ್ಟಿದ್ದ.

ಮೊದಲು ಏನನ್ನು ಓದಬೇಕು

ಗ್ರೀಕ್ ಪುರಾಣಗಳನ್ನೆಲ್ಲ ಓದಿ ಮುಗಿಸಿ, ಆಮೇಲೆ ಬೈಬಲ್ಲನ್ನೂ ಮುಗಿಸಿ ಮುಂದುವರಿಯುತ್ತೇನೆಂದು ಹೊರಟವರು ನಡುದಾರಿಯಲ್ಲೇ ಸೋಲುತ್ತಾರೆ. ಆರಂಭಕ್ಕೆ ಸ್ವಲ್ಪವೇ ಸಾಕು. ಪುರಾಣದ ಕಡೆಯಿಂದ, ಕ್ರಿ.ಶ. 8ರ ಸುಮಾರಿಗೆ ಓವಿಡ್ ಲ್ಯಾಟಿನ್‌ನಲ್ಲಿ ಬರೆದ, ಹದಿನೈದು ಭಾಗಗಳ ‘ಮೆಟಮಾರ್ಫೋಸಿಸ್’ ಮತ್ತು ವರ್ಜಿಲ್‌ನ ‘ಈನಿಯಡ್’ ಕಾವ್ಯದ ಆರನೆಯ ಭಾಗ. ಗ್ರೀಕ್ ಕವಿ ಹೋಮರನನ್ನು ಬಿಟ್ಟು ಇವರನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ: ಪಶ್ಚಿಮ ಯುರೋಪ್ ಮಧ್ಯಯುಗದುದ್ದಕ್ಕೂ ಲ್ಯಾಟಿನ್‌ನಲ್ಲಿ ಓದುತ್ತಿತ್ತು, ಗ್ರೀಕ್ ಬಲ್ಲವರು ಅಲ್ಲಿ ವಿರಳವಾಗಿದ್ದರು, ಹೀಗಾಗಿ ಚಿತ್ರಕಾರರ ಮತ್ತು ಕವಿಗಳ ಕೈಗೆ ಸಿಕ್ಕ ಪುರಾಣ ಬಹುಮಟ್ಟಿಗೆ ಓವಿಡ್ ಮತ್ತು ವರ್ಜಿಲ್ ಹೇಳಿದ ಪುರಾಣವೇ ಆಗಿತ್ತು. ಬೈಬಲ್ಲಿನ ಕಡೆಯಿಂದ ಆದಿಕಾಂಡ, ವಿಮೋಚನಕಾಂಡ, ಲೂಕ ಮತ್ತು ಯೋಹಾನರ ಸುವಾರ್ತೆಗಳು, ಪ್ರಕಟನೆ, ಇವುಗಳ ಜೊತೆಗೆ ತಪ್ಪದೆ ಅಪೊಸ್ತಲರ ಕೃತ್ಯಗಳು.

ಈ ಕೊನೆಯ ಪುಸ್ತಕದಿಂದಲೇ ಮೊದಲು ಶುರುಮಾಡಿ ಎಂದು ಹೇಳುತ್ತೇನೆ. ಅದರ 14ನೆಯ ಅಧ್ಯಾಯದಲ್ಲಿ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಮತ್ತು ಬಾರ್ನಬ ಇಂದಿನ ಟರ್ಕಿಯಲ್ಲಿರುವ ಲುಸ್ತ್ರ ಎಂಬ ಊರಿಗೆ ಹೋಗುತ್ತಾರೆ. ಅಲ್ಲಿ ಹುಟ್ಟುಕುಂಟನೊಬ್ಬ ಪೌಲನ ಮಾತಿನಿಂದ ಎದ್ದು ನಡೆದದ್ದನ್ನು ಕಂಡ ಜನ, ದೇವರುಗಳೇ ಮನುಷ್ಯರೂಪದಲ್ಲಿ ಇಳಿದು ಬಂದಿದ್ದಾರೆಂದು ಕೂಗುತ್ತಾರೆ. ಬಾರ್ನಬನನ್ನು ಗ್ರೀಕರ ದೇವರಾಜ ಜ್ಯೂಸ್ ಎಂದೂ, ಮಾತಿನಲ್ಲಿ ಮುಂದಾಗಿದ್ದ ಪೌಲನನ್ನು ದೇವತೆಗಳ ದೂತ ಹರ್ಮಿಸ್ ಎಂದೂ ಕರೆಯುತ್ತಾರೆ. ಜ್ಯೂಸ್‌ನ ಪೂಜಾರಿ ಎತ್ತುಗಳನ್ನೂ ಹೂಮಾಲೆಗಳನ್ನೂ ತಂದು ಬಲಿಗೆ ಸಿದ್ಧನಾಗುತ್ತಾನೆ. ಇವರಿಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂತಹ ಮನುಷ್ಯರೇ ಎಂದು ಬೇಡಿಕೊಳ್ಳುತ್ತಾರೆ. ಇದನ್ನು ಓದಿದ ಕೂಡಲೇ ಓವಿಡ್‌ನ ಎಂಟನೆಯ ಭಾಗವನ್ನು ತೆರೆಯಬೇಕು. ಅಲ್ಲಿ ಅದೇ ಸೀಮೆಯ ನೆರೆಯ ಫ್ರಿಜಿಯದಲ್ಲಿ ಜ್ಯುಪಿಟರ್ ಮತ್ತು ಮರ್ಕ್ಯುರಿ ಮನುಷ್ಯವೇಷದಲ್ಲಿ ಮನೆಮನೆ ಬಾಗಿಲು ತಟ್ಟುತ್ತಾರೆ. ಎಲ್ಲರೂ ಅಟ್ಟಿಬಿಟ್ಟಾಗ ಬಾಸಿಸ್ ಮತ್ತು ಫಿಲೆಮಾನ್ ಎಂಬ ಬಡ ಮುದುಕ ದಂಪತಿಗಳು ಮಾತ್ರ ಅವರನ್ನು ಒಳಗೆ ಕರೆದು ಉಪಚರಿಸುತ್ತಾರೆ. ರೋಮನ್ನರ ಜ್ಯುಪಿಟರ್ ಎಂದರೆ ಗ್ರೀಕರ ಜ್ಯೂಸ್, ಮರ್ಕ್ಯುರಿ ಎಂದರೆ ಹರ್ಮಿಸ್. ಲುಸ್ತ್ರದ ಜನ ಯಾವ ಕಣ್ಣಿನಿಂದ ಆ ಇಬ್ಬರು ಪರದೇಶಿಗಳನ್ನು ನೋಡಿದರೆಂಬುದು ಈ ಕಥೆ ಗೊತ್ತಿದ್ದವರಿಗೆ ಥಟ್ಟನೆ ಹೊಳೆಯುತ್ತದೆ. ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದುವುದರ ಫಲ ಇದು.

17ನೆಯ ಅಧ್ಯಾಯವನ್ನೂ ಹಾಗೆಯೇ ಓದಿ. ಅಥೆನ್ಸಿನಲ್ಲಿ ಪೌಲ, ತಿಳಿಯದ ದೇವರಿಗೆ ಎಂದು ಬರೆದಿದ್ದ ಬಲಿಪೀಠವೊಂದನ್ನು ಹಿಡಿದುಕೊಂಡು ಮಾತು ಆರಂಭಿಸುತ್ತಾನೆ ಮತ್ತು ನಾವು ಆತನ ಸಂತಾನದವರು ಎಂಬ ಗ್ರೀಕ್ ಕವಿವಾಕ್ಯವನ್ನು ಉದ್ಧರಿಸುತ್ತಾನೆ. ಕ್ರಿ.ಪೂ. 3ನೆಯ ಶತಮಾನದ ಅರಾಟಸ್ ಎಂಬ ಕವಿ ಆ ಮಾತನ್ನು ಹೇಳಿದ್ದು ಜ್ಯೂಸ್‌ನನ್ನು ಕುರಿತು. ಲುಸ್ತ್ರದಲ್ಲಿ ಜ್ಯೂಸ್‌ನ ಹೆಸರನ್ನು ಕೊಡವಿಹಾಕಿದ ಪೌಲ, ಅಥೆನ್ಸಿನಲ್ಲಿ ಜ್ಯೂಸ್‌ನ ಸ್ತುತಿಯನ್ನೇ ತನ್ನ ದೇವರಿಗೆ ಸಲ್ಲಿಸುತ್ತಾನೆ. ಮುಂದಿನ ಶತಮಾನಗಳಲ್ಲಿ ಯುರೋಪ್ ಮಾಡಿದ ಎರಡೂ ಕೆಲಸಗಳು, ತಿರಸ್ಕಾರ ಮತ್ತು ಸ್ವೀಕಾರ, ಇಲ್ಲಿಯೇ ಮೊಳೆತಿವೆ.

ಹಿರಿಯರ ಜಗಳವನ್ನು ಕೇಳಿಸಿಕೊಳ್ಳುವುದು

ಇಸವಿಗಳನ್ನು ಹೆಚ್ಚು ಕಂಠಪಾಠ ಮಾಡಬೇಕಿಲ್ಲ. 313ರಲ್ಲಿ ರೋಮನ್ ಚಕ್ರವರ್ತಿಗಳಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟರು. 380ರಲ್ಲಿ ಥಿಯೊಡೋಸಿಯಸ್‌ನ ಆಜ್ಞೆಯಿಂದ ಕ್ರೈಸ್ತಧರ್ಮ ಸಾಮ್ರಾಜ್ಯದ ಅಧಿಕೃತ ಧರ್ಮವಾಯಿತು. 529ರಲ್ಲಿ ಜಸ್ಟಿನಿಯನ್ ಅಥೆನ್ಸಿನ ತತ್ತ್ವಶಾಸ್ತ್ರದ ಬೋಧನೆಯನ್ನು ನಿಲ್ಲಿಸಿದ. ಸದ್ಯಕ್ಕೆ ಇಷ್ಟು ಸಾಕು.

ಅದಕ್ಕಿಂತ ಮುಖ್ಯವಾದದ್ದು ಈ ಅವಧಿಯ ಕ್ರೈಸ್ತ ಹಿರಿಯರು ತಮ್ಮೊಳಗೆ ನಡೆಸಿದ ವಾದ. ಕಾರ್ತೇಜಿನ ಟರ್ಟುಲಿಯನ್ ಕ್ರಿ.ಶ. 200ರ ಸುಮಾರಿಗೆ, ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ ಎಂದು ಕೇಳಿದ. ಅವನ ಸಮಕಾಲೀನನಾದ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಬೇರೆಯೇ ದಾರಿ ಹಿಡಿದ: ನಾವಿಕರನ್ನು ಸೆಳೆದು ಕೊಲ್ಲುವ ಸೈರನ್‌ಗಳ ಹಾಡಿಗೆ ಮರುಳಾಗದಿರಲು ಹಡಗಿನ ಕೂವೆಗೆ ತನ್ನನ್ನು ಕಟ್ಟಿಸಿಕೊಂಡ, ಹೋಮರನ ಕಥಾನಾಯಕ ಒಡಿಸ್ಸಿಯಸ್‌ನನ್ನು ತೋರಿಸಿ, ನೀನು ಶಿಲುಬೆಯ ಮರಕ್ಕೆ ಕಟ್ಟಿಕೊಂಡರೆ ನಾಶದಿಂದ ಪಾರಾಗುವೆ ಎಂದು ಓದುಗನಿಗೆ ಬೋಧಿಸಿದ. 4ನೆಯ ಶತಮಾನದ ಬೆಸಿಲ್, ಜೇನ್ನೊಣ ಎಲ್ಲ ಹೂವುಗಳಿಗೂ ಹೋಗದೆ, ಹೋದ ಹೂವನ್ನೂ ಪೂರ್ತಿ ಹೊತ್ತು ತರದೆ ಬೇಕಾದಷ್ಟನ್ನೇ ತರುವಂತೆ ಹಳೆಯ ಕಾವ್ಯಗಳನ್ನು ಬಳಸಿಕೊಳ್ಳಬೇಕೆಂದು ಯುವಕರಿಗೆ ಹೇಳಿದ. ಅಗಸ್ಟೀನ್ ವಿಮೋಚನಕಾಂಡದ ಘಟನೆಯೊಂದನ್ನು ಹಿಡಿದ: ಈಜಿಪ್ಟಿನಿಂದ ಹೊರಡುವಾಗ ಇಸ್ರಾಯೇಲರು ಅಲ್ಲಿನವರ ಚಿನ್ನಬೆಳ್ಳಿಗಳನ್ನು ಕೇಳಿ ತಂದಂತೆ, ಅನ್ಯರ ವಿದ್ಯೆಯಲ್ಲಿರುವ ಸತ್ಯವನ್ನು ಕ್ರೈಸ್ತರು ತಮ್ಮದಾಗಿಸಿಕೊಳ್ಳಬಹುದು. ಆದರೆ ಅದೇ ಅಗಸ್ಟೀನ್, ಬಾಲ್ಯದಲ್ಲಿ ತನ್ನ ಆತ್ಮದ ಗತಿಗೆ ಅಳದೆ ವರ್ಜಿಲ್‌ನ ಕಾವ್ಯದ ಡೈಡೋ ರಾಣಿಯ ಸಾವಿಗೆ ಅತ್ತೆನಲ್ಲ ಎಂದು ಪಶ್ಚಾತ್ತಾಪದಿಂದ ಬರೆದುಕೊಂಡಿದ್ದಾನೆ. ಬೈಬಲ್ಲನ್ನು ಲ್ಯಾಟಿನ್‌ಗೆ ತಂದ ಜೆರೋಮ್‌ಗೆ ಬಿದ್ದ ಕನಸಂತೂ ಪ್ರಸಿದ್ಧ: ದೇವರ ನ್ಯಾಯಪೀಠದ ಮುಂದೆ ತಾನು ಕ್ರೈಸ್ತನೆಂದು ಹೇಳಿಕೊಂಡಾಗ, ನೀನು ಸಿಸೆರೊನ ಅನುಯಾಯಿ, ಕ್ರಿಸ್ತನವನಲ್ಲ ಎಂಬ ತೀರ್ಪು ಬಂತು. ಸಿಸೆರೊ ಎಂದರೆ ಕ್ರಿಸ್ತನಿಗಿಂತ ಹಿಂದಿನ ರೋಮನ್ ವಾಗ್ಮಿ. ಇವರು ಶತ್ರುವಿನ ಸಾಹಿತ್ಯವನ್ನು ದೂರದಿಂದ ಖಂಡಿಸುತ್ತಿದ್ದವರಲ್ಲ. ಅದೇ ಪದ್ಯಗಳನ್ನು ಬಾಯಿಪಾಠ ಮಾಡಿ ಬೆಳೆದವರು, ತಮ್ಮ ನಾಲಗೆಯ ಮೇಲೆಯೇ ಅದರ ರುಚಿ ಉಳಿದಿದೆಯೆಂದು ನೊಂದವರು. ಈ ನೋವನ್ನು ಅರಿಯದೆ ಯುರೋಪಿನ ಸಾಹಿತ್ಯವನ್ನು ಓದಿದರೆ ಅರ್ಧ ಮಾತ್ರ ದಕ್ಕುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಚಿತ್ರ ಮತ್ತು ಶಿಲ್ಪಗಳ ಮುಂದೆ

ಇಲ್ಲಿ ಕಣ್ಣನ್ನು ಪಳಗಿಸಬೇಕಾದದ್ದು ಮೈಯ ಭಂಗಿಗೆ. ಹೆಸರು, ಉಡುಗೆ, ಕಥೆ ಎಲ್ಲ ಬದಲಾದರೂ ಶಿಲ್ಪಿಯ ಕೈ ಕಲಿತ ಭಂಗಿ ಬೇಗ ಬದಲಾಗುವುದಿಲ್ಲ. ರೋಮಿನ ಭೂಗತ ಸಮಾಧಿಗಳ ಗೋಡೆಗಳಲ್ಲಿ ಕುರಿಯನ್ನು ಹೆಗಲ ಮೇಲೆ ಹೊತ್ತ ಯುವಕನಾಗಿ ಕ್ರಿಸ್ತ ಕಾಣಿಸುತ್ತಾನೆ. ಸುವಾರ್ತೆಯ ಒಳ್ಳೆಯ ಕುರುಬ ಅವನು ನಿಜ. ಆದರೆ ಕುರಿ ಹೊತ್ತ ಯುವಕನ ಆಕೃತಿ ಗ್ರೀಕರಲ್ಲಿ ಹರ್ಮಿಸ್‌ನ ರೂಪವಾಗಿ ಅದಕ್ಕಿಂತ ಹಲವು ಶತಮಾನ ಹಿಂದೆಯೇ ಇತ್ತು. 3ನೆಯ ಶತಮಾನದ ಕಲ್ಲಿನ ಶವಪೆಟ್ಟಿಗೆಗಳಲ್ಲಿ, ಮೀನಿನ ಹೊಟ್ಟೆಯಿಂದ ಹೊರಬಂದ ಪ್ರವಾದಿ ಯೋನ ಬಳ್ಳಿಯ ಕೆಳಗೆ ತೋಳನ್ನು ತಲೆಯ ಮೇಲಕ್ಕೆ ಮಡಿಸಿಕೊಂಡು ಬತ್ತಲೆಯಾಗಿ ಮಲಗಿದ್ದಾನೆ. ಚಂದ್ರದೇವತೆ ಮೋಹಿಸಿದ, ಎಂದೂ ಎಚ್ಚರಗೊಳ್ಳದ ಎಂಡಿಮಿಯನ್ ಮಲಗುತ್ತಿದ್ದದ್ದು ಹೀಗೆಯೇ. ವ್ಯಾಟಿಕನ್‌ನ ಸಂತ ಪೇತ್ರನ ದೇವಾಲಯದ ಅಡಿಯಲ್ಲಿರುವ ಸಮಾಧಿಯೊಂದರ ಮೊಸಾಯಿಕ್‌ನಲ್ಲಿ ಕ್ರಿಸ್ತನೆಂದು ಬಹುತೇಕ ವಿದ್ವಾಂಸರು ಗುರುತಿಸುವ ಆಕೃತಿ ಕುದುರೆಗಳ ರಥವೇರಿದೆ. ತಲೆಯಿಂದ ಸೂರ್ಯದೇವನ ಕಿರಣಗಳು ಹೊಮ್ಮಿವೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವ ಉದಾಹರಣೆ ಪೀಸಾ ನಗರದಲ್ಲಿದೆ. ಅಲ್ಲಿ ವಾಲುಗೋಪುರವನ್ನು ನೋಡಲು ಹೋಗುವ ಸಾವಿರಾರು ಜನ ಅದೇ ಬಯಲಿನಲ್ಲಿರುವ ದೀಕ್ಷಾಸ್ನಾನಗೃಹವನ್ನು ಹಾದುಹೋಗುತ್ತಾರೆ. ಅದರೊಳಗೆ ನಿಕೊಲಾ ಪಿಸಾನೊ 1260ರಲ್ಲಿ ಅಮೃತಶಿಲೆಯಲ್ಲಿ ಕೆತ್ತಿದ ಪ್ರವಚನ ವೇದಿಕೆಯಿದೆ. ಅದರ ಮೂಲೆಯೊಂದರಲ್ಲಿ ಧೈರ್ಯವೆಂಬ ಕ್ರೈಸ್ತ ಸದ್ಗುಣಕ್ಕೆ ರೂಪವಾಗಿ ನಿಂತಿರುವವನು ಗ್ರೀಕ್ ಪುರಾಣದ ವೀರ, ಬತ್ತಲೆ ಹರ್ಕ್ಯುಲಿಸ್. ಬದಿಯ ಫಲಕದಲ್ಲಿ ಪೂರ್ವದೇಶದ ಜ್ಞಾನಿಗಳು ಶಿಶು ಯೇಸುವಿಗೆ ಕಾಣಿಕೆ ತರುತ್ತಿದ್ದಾರೆ; ಮರಿಯ ರಾಣಿಯ ಗಾಂಭೀರ್ಯದಿಂದ ಕುಳಿತಿದ್ದಾಳೆ. ಈಗ ಹೊರಬಂದು, ಅದೇ ಬಯಲಿನ ಬದಿಯಲ್ಲಿರುವ ಕಾಂಪೊಸಾಂತೊ ಎಂಬ ಸಮಾಧಿಸ್ಥಳಕ್ಕೆ ಹೋಗಿ ಅಲ್ಲಿರುವ ರೋಮನ್ ಶವಪೆಟ್ಟಿಗೆಯೊಂದನ್ನು ನೋಡಿ. ಅದರ ಮೇಲೆ ಫೀಡ್ರಾಳ ಕಥೆ ಕೆತ್ತಿದೆ. ಅವಳು ಮಲಮಗ ಹಿಪೊಲಿಟಸ್‌ನನ್ನು ಕಾಮಿಸಿ, ಅವನ ಸಾವಿಗೂ ತನ್ನ ಸಾವಿಗೂ ಕಾರಣಳಾದವಳು. ಆಸನದ ಮೇಲೆ ಕುಳಿತ ಆ ಫೀಡ್ರಾಳ ಮೈಕಟ್ಟು, ತಲೆಯ ನಿಲುವುಗಳೇ ನಿಕೊಲಾನ ಮರಿಯಳಿಗೆ ಮಾದರಿಯಾದವು. ಶವಪೆಟ್ಟಿಗೆಯೂ ಅನ್ಯರ ಕೈಯಲ್ಲಿ ಬಿದ್ದಿರಲಿಲ್ಲ. 1076ರಲ್ಲಿ ತೀರಿಕೊಂಡ ಬಿಯಾಟ್ರಿಸ್ ಎಂಬ ಕ್ರೈಸ್ತ ಶ್ರೀಮಂತ ಮಹಿಳೆಯನ್ನು ಅದರಲ್ಲಿಯೇ ಹೂಳಲಾಗಿತ್ತು. ಪಾಪದ ಕಥೆಯ ನಾಯಕಿಯೊಬ್ಬಳ ದೇಹಭಂಗಿ, ಪಾಪವಿಲ್ಲದವಳೆಂದು ಕ್ರೈಸ್ತರು ಪೂಜಿಸುವ ತಾಯಿಗೆ ಸಂದಿತು. ಶಿಲ್ಪಿಗೆ ಬೇಕಾದದ್ದು ಘನತೆ. ಅದು ಎಲ್ಲಿ ಸಿಕ್ಕಿತೋ ಅಲ್ಲಿಂದ ತೆಗೆದುಕೊಂಡ.

ಕಟ್ಟಡಗಳು, ವಾರದ ಹೆಸರುಗಳು

ಕಟ್ಟಡದಲ್ಲಿ ಬೆಸುಗೆಯನ್ನು ಹುಡುಕುವುದು ಸುಲಭ. ಸಿಸಿಲಿ ದ್ವೀಪದ ಸಿರಾಕ್ಯೂಸ್‌ನ ಪ್ರಧಾನ ಚರ್ಚಿನ ಹೊರಗೋಡೆಯಲ್ಲಿ ಕ್ರಿ.ಪೂ. 5ನೆಯ ಶತಮಾನದ ಅಥೀನಾ ದೇಗುಲದ, ಡೋರಿಕ್ ಎಂಬ ಗ್ರೀಕ್ ಶೈಲಿಯ ದಪ್ಪ ಕಂಬಗಳು ಹೊರಚಾಚಿ ನಿಂತಿವೆ. ಕಂಬಗಳ ನಡುವಣ ಸಂದುಗಳಿಗೆ ಗೋಡೆ ಕಟ್ಟಿದಾಗ ದೇಗುಲ ಚರ್ಚಾಯಿತು. ರೋಮಿನ ದೇವತೆಗಳ ದೇಗುಲವಾಗಿದ್ದ ಪ್ಯಾಂಥಿಯನ್ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು 126ರಲ್ಲಿ, ಈಗಿನ ರೂಪ ಪಡೆಯಿತು. ಅದರ ಗುಮ್ಮಟದ ವ್ಯಾಸ ಸುಮಾರು 43.3 ಮೀಟರ್, ನೆಲದಿಂದ ನೆತ್ತಿಯ ಕಂಡಿಯವರೆಗಿನ ಎತ್ತರವೂ ಅಷ್ಟೇ. 609ರಲ್ಲಿ ನಾಲ್ಕನೆಯ ಬೊನಿಫೇಸ್ ಪೋಪರು ಅದನ್ನು ಮರಿಯಳಿಗೂ ಹುತಾತ್ಮರಿಗೂ ಅರ್ಪಿಸಿದರು. ಅದು ಇಷ್ಟು ಚೆನ್ನಾಗಿ ಉಳಿದದ್ದಕ್ಕೆ ಚರ್ಚಾದದ್ದೇ ಮುಖ್ಯ ಕಾರಣ. ಇಂದಿಗೂ ಪೆಂಟೆಕೋಸ್ಟ್ ಹಬ್ಬದ ದಿನ ಆ ನೆತ್ತಿಯ ಕಂಡಿಯಿಂದ ಕೆಂಪು ಗುಲಾಬಿ ಎಸಳುಗಳನ್ನು ಒಳಗಿನ ಜನರ ಮೇಲೆ ಸುರಿಸುತ್ತಾರೆ. ಪವಿತ್ರಾತ್ಮ ಬೆಂಕಿಯ ನಾಲಗೆಗಳಾಗಿ ಇಳಿದದ್ದರ ನೆನಪಿಗೆ. ಇಂತಹ ಪರಿವರ್ತನೆಯ ಹಿಂದೆ ಒಂದು ನೀತಿಯೂ ಇತ್ತು. 601ರಲ್ಲಿ ಗ್ರೆಗರಿ ಪೋಪರು ಇಂಗ್ಲೆಂಡಿಗೆ ಹೊರಟಿದ್ದ ಮೆಲಿಟಸ್‌ಗೆ ಬರೆದ ಕಾಗದದಲ್ಲಿ, ಅಲ್ಲಿನ ದೇಗುಲಗಳನ್ನು ಕೆಡವಬೇಡಿ, ಒಳಗಿನ ವಿಗ್ರಹಗಳನ್ನು ಮಾತ್ರ ನಾಶಮಾಡಿ, ಪವಿತ್ರಜಲ ಚಿಮುಕಿಸಿ ಬಳಸಿಕೊಳ್ಳಿ, ಜನ ತಮಗೆ ರೂಢಿಯಾದ ಜಾಗಕ್ಕೇ ಬರಲಿ ಎಂದು ತಿಳಿಸಿದರು. ಅಲ್ಲಿ ಪೂಜೆಗೊಳ್ಳುತ್ತಿದ್ದವು ಜರ್ಮಾನಿಕ್ ದೇವತೆಗಳಾದರೂ ವಿಧಾನ ಒಂದೇ.

ಊರೂರು ತಿರುಗಲಾಗದವರು ಭಾಷೆಯನ್ನು ನೋಡಬಹುದು. ಫ್ರೆಂಚಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಲುಂಡಿ, ಮಾರ್ಡಿ, ಮೆರ್‌ಕ್ರೆಡಿ, ಜೂಡಿ, ವಾಂಡ್ರೆಡಿ ಎಂದರೆ ಕ್ರಮವಾಗಿ ಚಂದ್ರ, ಮಾರ್ಸ್, ಮರ್ಕ್ಯುರಿ, ಜ್ಯುಪಿಟರ್, ವೀನಸ್‌ರ ದಿನಗಳು. ಆರನೆಯದಾದ ಸಾಮ್ದಿ ಯೆಹೂದ್ಯರ ಸಬ್ಬತ್ತಿನಿಂದ ಬಂದದ್ದು; ಏಳನೆಯದಾದ ದಿಮಾಂಶ್ ಕ್ರೈಸ್ತರ ಪ್ರಭುವಿನ ದಿನ. ಒಂದೇ ವಾರದಲ್ಲಿ ಹಳೆಯ ದೇವತೆಗಳ ಒಲಿಂಪಸ್, ಯೆಹೂದ್ಯರ ಸಿನಾಯ್, ಕ್ರಿಸ್ತ ಶಿಲುಬೆಗೇರಿದ ಗೊಲ್ಗೊಥಾ ಮೂರೂ ಇವೆ. ಪೋರ್ಚುಗೀಸ್ ಭಾಷೆ ಮಾತ್ರ ಇದಕ್ಕೆ ಒಪ್ಪಲಿಲ್ಲ. 6ನೆಯ ಶತಮಾನದಲ್ಲಿ ಬ್ರಾಗಾದ ಬಿಷಪ್ ಮಾರ್ಟಿನ್ ದಿನಗಳಿಗೆ ದೇವತೆಗಳ ಹೆಸರಿಡುವುದನ್ನು ಖಂಡಿಸಿದ್ದ. ಇಂದಿಗೂ ಆ ಭಾಷೆಯಲ್ಲಿ ಸೋಮವಾರವನ್ನು ಎರಡನೆಯ ದಿನ, ಮಂಗಳವಾರವನ್ನು ಮೂರನೆಯ ದಿನ ಎಂದು ಎಣಿಸಿಯೇ ಹೇಳುತ್ತಾರೆ.

ದಾಂತೆಯನ್ನು ಓದುವಾಗ

ಕ್ಯಾರನ್ ಮೈಕೆಲೇಂಜೆಲೊನ ಗೋಡೆಗೆ ಬಂದದ್ದು ಇಟಲಿಯ ಕವಿ ದಾಂತೆಯ ಮೂಲಕ, ದಾಂತೆಗೆ ಸಿಕ್ಕದ್ದು ವರ್ಜಿಲ್‌ನಿಂದ. 14ನೆಯ ಶತಮಾನದ ಆರಂಭದಲ್ಲಿ ರಚಿತವಾದ, ದಾಂತೆಯೇ ಪರಲೋಕಯಾತ್ರಿಕನಾಗುವ ‘ಡಿವೈನ್ ಕಾಮಿಡಿ’ ಕಾವ್ಯವನ್ನು ಓದುವಾಗ ವರ್ಜಿಲ್‌ನ ಮೇಲೆ ಒಂದು ಕಣ್ಣಿಟ್ಟಿರಿ. ಕ್ರಿಸ್ತನಿಗಿಂತ ಮುಂಚೆಯೇ ತೀರಿಕೊಂಡ ಈ ಕವಿ ಕ್ರೈಸ್ತನಾದ ದಾಂತೆಗೆ ನರಕದಲ್ಲೂ ಶುದ್ಧೀಕರಣ ಪರ್ವತದಲ್ಲೂ ದಾರಿ ತೋರಿಸುತ್ತಾನೆ. ಹೀಗಾಗಲು ಒಂದು ಹಿನ್ನೆಲೆಯಿದೆ: ಕ್ರಿ.ಪೂ. 40ರ ಸುಮಾರಿಗೆ ವರ್ಜಿಲ್ ಬರೆದ ನಾಲ್ಕನೆಯ ಗೋಪಗೀತೆಯಲ್ಲಿ ಶಿಶುವೊಂದರ ಜನನದಿಂದ ಸುವರ್ಣಯುಗ ಮರಳುತ್ತದೆಂಬ ಮಾತಿದ್ದು, ಕ್ರೈಸ್ತರು ಅದನ್ನು ಯೇಸುವಿನ ಭವಿಷ್ಯವಾಣಿಯೆಂದು ಓದಿದ್ದರು. ಆ ಗೀತೆ ನೆನೆಯುವ ಕ್ಯೂಮಿಯ ಸಿಬಿಲ್ ಎಂಬ ಕಣಿ ಹೇಳುವವಳೂ ಅವಳ ನಾಲ್ವರು ಜೊತೆಗಾತಿಯರೂ ಸಿಸ್ಟೀನ್ ಚಾಪೆಲ್‌ನ ಒಳಚಾವಣಿಯ ಚಿತ್ರದಲ್ಲಿ ಏಳು ಯೆಹೂದಿ ಪ್ರವಾದಿಗಳ ಸಾಲಿನಲ್ಲೇ ಕುಳಿತಿದ್ದಾರೆ. ಇಷ್ಟೆಲ್ಲ ಗೌರವವಿದ್ದರೂ ದಾಂತೆಯ ವರ್ಜಿಲ್ ಸ್ವರ್ಗಕ್ಕೆ ಕಾಲಿಡುವಂತಿಲ್ಲ. ದಾಂತೆ ತಿರುಗಿ ನೋಡುತ್ತಾನೆ, ಗುರು ಅಲ್ಲಿಲ್ಲ. ಆ ಸಾಲುಗಳನ್ನು ನಿಧಾನವಾಗಿ ಓದಬೇಕು. ಜೆರೋಮ್‌ನ ಕನಸಿನ ನೋವು ಅಲ್ಲಿ ಸಾವಿರ ವರ್ಷಗಳ ನಂತರ ಮತ್ತೆ ಕಾಣಿಸುತ್ತದೆ. ಇದೇ ಕವಿ ಶುದ್ಧೀಕರಣ ಪರ್ವತದ ಆರನೆಯ ಸರ್ಗದಲ್ಲಿ ಕ್ರಿಸ್ತನನ್ನು, ನಮಗಾಗಿ ಭೂಮಿಯಲ್ಲಿ ಶಿಲುಬೆಗೇರಿದ ಪರಮ ಜೋವ್ ಎಂದು ಕರೆಯುತ್ತಾನೆ. ಜೋವ್ ಎಂದರೆ ಜ್ಯುಪಿಟರ್.

ಎರಡು ತಪ್ಪು ದಾರಿಗಳು

ಬೆಸುಗೆಗಳನ್ನು ಗುರುತಿಸಲು ಕಲಿತವರು ಬೇಗನೆ ಎಲ್ಲವೂ ನಕಲೇ ಎಂಬ ತೀರ್ಮಾನಕ್ಕೆ ಹಾರುತ್ತಾರೆ. ಡಿಸೆಂಬರ್ 25ರ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 274ರಲ್ಲಿ ಆರೀಲಿಯನ್ ಚಕ್ರವರ್ತಿ ಅಜೇಯ ಸೂರ್ಯನಿಗೆ ರೋಮಿನಲ್ಲಿ ದೇಗುಲ ಕಟ್ಟಿಸಿದ್ದೂ, 354ರ ರೋಮನ್ ಪಂಚಾಂಗದಲ್ಲಿ ಆ ದಿನ ಅಜೇಯನ ಜನ್ಮದಿನವಾಗಿಯೂ ಯೇಸುವಿನ ಜನ್ಮದಿನವಾಗಿಯೂ ದಾಖಲಾಗಿರುವುದೂ ನಿಜ. ಆದರೆ ಮರಿಯ ಗರ್ಭ ಧರಿಸಿದ್ದು ಮಾರ್ಚ್ 25ರಂದು ಎಂದು ಎಣಿಸಿ, ಅಲ್ಲಿಂದ ಒಂಬತ್ತು ತಿಂಗಳು ಸೇರಿಸಿ ಕ್ರೈಸ್ತರು ತಾವಾಗಿಯೇ ಈ ದಿನಕ್ಕೆ ಬಂದರೆಂದು ವಾದಿಸುವ ಗಂಭೀರ ವಿದ್ವಾಂಸರೂ ಇದ್ದಾರೆ. ಹೋಲಿಕೆ ಕಂಡ ಕಡೆಯಲ್ಲೆಲ್ಲ ಕಳವು ನಡೆದಿದೆಯೆಂದು ಹೇಳಬಾರದು. ಫೀಡ್ರಾ ಮತ್ತು ಮರಿಯರ ಹಾಗೆ ಎರಡೂ ವಸ್ತುಗಳು ಒಂದೇ ಬಯಲಿನಲ್ಲಿ ಸಿಕ್ಕಾಗ ಮಾತ್ರ ಧೈರ್ಯವಾಗಿ ಹೇಳಬಹುದು.

ಇನ್ನೊಂದು ತಪ್ಪು, ಚರ್ಚು ಎಲ್ಲವನ್ನೂ ಸುಟ್ಟಿತು ಅಥವಾ ಎಲ್ಲವನ್ನೂ ಕಾಪಾಡಿತು ಎಂದು ಏಕಪಕ್ಷವಾಗಿ ನುಡಿಯುವುದು. 391ರ ಸುಮಾರಿಗೆ ಅಲೆಕ್ಸಾಂಡ್ರಿಯದ ಸೆರಾಪಿಸ್ ದೇಗುಲವನ್ನು ಕ್ರೈಸ್ತರು ಕೆಡವಿದರು. 415ರಲ್ಲಿ ಅದೇ ನಗರದಲ್ಲಿ ಗಣಿತಜ್ಞೆಯೂ ತತ್ತ್ವಜ್ಞಾನಿಯೂ ಆದ ಹೈಪೇಷಿಯಾಳನ್ನು ಕ್ರೈಸ್ತ ಗುಂಪೊಂದು ಕೊಂದಿತು. ಹಾಗೆಯೇ ಇಂದು ನಮ್ಮ ಕೈಯಲ್ಲಿರುವ ಲ್ಯಾಟಿನ್ ಸಾಹಿತ್ಯದ ಬಹುಭಾಗ, 9ನೆಯ ಶತಮಾನದ ಸುಮಾರಿನಲ್ಲಿ ಕ್ರೈಸ್ತ ಮಠಗಳ ಸನ್ಯಾಸಿಗಳು ಚರ್ಮದ ಹಾಳೆಗಳ ಮೇಲೆ ಪ್ರತಿ ಮಾಡಿದ್ದರಿಂದಲೇ ಉಳಿಯಿತು. ದೇವರುಗಳಿಗೆ ಮನುಷ್ಯರ ಗೊಡವೆಯಿಲ್ಲವೆಂದು ಸಾರುವ ರೋಮನ್ ಕವಿ ಲುಕ್ರೀಷಿಯಸ್‌ನ ಕಾವ್ಯವನ್ನು ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚೊಲಿನಿ 1417ರಲ್ಲಿ ಕಂಡದ್ದು ಕೂಡ ಮಠವೊಂದರ ಗ್ರಂಥಭಂಡಾರದಲ್ಲಿ. ಎರಡನ್ನೂ ಒಟ್ಟಿಗೆ ಹೇಳಬೇಕು, ಒಂದರಿಂದ ಇನ್ನೊಂದನ್ನು ಕಳೆಯಬಾರದು.

ಒಂದು ದಿನದ ಅಭ್ಯಾಸ

ಕೊನೆಯದಾಗಿ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ರೋಮಿಗೆ ಹೋಗಲಾಗದವರು ಒಳ್ಳೆಯ ಛಾಯಾಚಿತ್ರಗಳನ್ನಿಟ್ಟುಕೊಂಡು ಇದನ್ನು ಮಾಡಬಹುದು. ಬೊರ್ಗೀಸ್ ಗ್ಯಾಲರಿಯಲ್ಲಿ ಬರ್ನಿನಿ 1622ರಿಂದ 1625ರವರೆಗೆ ಕೆತ್ತಿದ ಅಪೊಲೊ ದೇವ ಮತ್ತು ವನಕನ್ಯೆ ಡಾಫ್ನೆಯರ ಶಿಲ್ಪವಿದೆ. ಓವಿಡ್‌ನ ಕಥೆಯಂತೆ, ಚಿನ್ನದ ಮೊನೆಯ ಬಾಣದಿಂದ ಪ್ರೇಮದ ಬಾಲದೇವ ಕ್ಯೂಪಿಡ್ ಅಪೊಲೊನಲ್ಲಿ ಮೋಹ ಹುಟ್ಟಿಸುತ್ತಾನೆ; ಓಡುವ ಡಾಫ್ನೆಯನ್ನು ಅವನು ಮುಟ್ಟಿದ ಕ್ಷಣದಲ್ಲೇ ಅವಳ ಬೆರಳುಗಳು ಎಲೆಗಳಾಗುತ್ತವೆ, ಕಾಲ್ಬೆರಳುಗಳು ಬೇರುಗಳಾಗುತ್ತವೆ. ಇದನ್ನು ಮಾಡಿಸಿದವನು ಶಿಪಿಯೋನೆ ಬೊರ್ಗೀಸ್ ಎಂಬ ಕಾರ್ಡಿನಲ್, ಅಂದರೆ ಪೋಪರ ನಂತರದ ಸ್ಥಾನದ ಹಿರಿಯ ಧರ್ಮಾಧಿಕಾರಿ. ಪೀಠದಲ್ಲಿ, ಮುಂದೆ ಎಂಟನೆಯ ಅರ್ಬನ್ ಪೋಪನಾದ ಮಫೆಯೊ ಬಾರ್ಬೆರಿನಿಯ ಲ್ಯಾಟಿನ್ ದ್ವಿಪದಿಯಿದೆ: ಓಡಿಹೋಗುವ ಚೆಲುವಿನ ಬೆನ್ನುಹತ್ತಿದವನ ಕೈಗೆ ಕೊನೆಗೆ ಸಿಗುವುದು ಎಲೆ ಮತ್ತು ಕಹಿ ಹಣ್ಣು ಎಂಬುದು ಅದರ ತಾತ್ಪರ್ಯ. ಮೂರು ಪ್ರಶ್ನೆಗಳನ್ನು ಇಲ್ಲಿ ಹಾಕಿ, ಉತ್ತರಗಳನ್ನು ಬರೆದುಕೊಳ್ಳಿ.

ಅಲ್ಲಿಂದ ನಡೆದೇ ತಲುಪಬಹುದಾದ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನಲ್ಲಿ ಅದೇ ಬರ್ನಿನಿ 1647ರಿಂದ 1652ರವರೆಗೆ ರಚಿಸಿದ ಸಂತ ತೆರೇಸಾಳ ಶಿಲ್ಪವಿದೆ. ಸ್ಪೇನಿನ ಈ ಸನ್ಯಾಸಿನಿ, ದೇವದೂತನೊಬ್ಬ ಚಿನ್ನದ ಈಟಿಯಿಂದ ತನ್ನ ಹೃದಯವನ್ನು ಇರಿದು ದೇವರ ಪ್ರೇಮದ ಉರಿಯನ್ನು ಹೊತ್ತಿಸಿದ ಅನುಭವವನ್ನು ಬರೆದಿಟ್ಟಿದ್ದಳು. ಬರ್ನಿನಿಯ ದೇವದೂತನ ಕೈಯಲ್ಲಿರುವುದು ಬಾಣ. ಅವನು ರೆಕ್ಕೆಯುಳ್ಳ ಹುಡುಗ, ತುಟಿಯಂಚಿನಲ್ಲಿ ನಗು. ಎಡಗೈಯಿಂದ ಅವಳ ನಿಲುವಂಗಿಯ ಅಂಚನ್ನು ಹಿಡಿದೆತ್ತಿದ್ದಾನೆ. ತೆರೇಸಾ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿ ಅರೆತೆರೆದು ಮೋಡದ ಮೇಲೆ ಕುಸಿದಿದ್ದಾಳೆ. ಬೆಳಿಗ್ಗೆ ಬರೆದುಕೊಂಡ ಹಾಳೆಯನ್ನು ಈಗ ತೆರೆದು, ಚಿನ್ನದ ಮೊನೆಯ ಬಾಣ ಎಂದು ಬರೆದ ಸಾಲಿನ ಪಕ್ಕದಲ್ಲಿ ಈ ಹುಡುಗನ ಹೆಸರನ್ನು ಏನೆಂದು ಬರೆಯುವಿರೋ ನಿರ್ಧರಿಸಿ.